ಮೆಟ್ಟಿಲಿಗೆ ಹಾಸಿದ ಸೋಗೆ

ಬಾಳೆಹೊನ್ನೂರಿನಲ್ಲಿ ಕೊಡೆ ರಿಪೇರಿ ಅಂಗಡಿ ಇಟ್ಟಿರುವ ಅಬ್ದುಲ್ ರಹಮಾನ್‌ಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋದ ಮೇಲೆ, ಹೆಂಡತಿ ಮೆಹರ್ ಬಾನುವಿಗೆ ನೆಮ್ಮದಿ ಎಂಬುದೇ ಇರಲಿಲ್ಲ. ಕೊಡೆಗೆ ಕಡ್ಡಿ ಕಟ್ಟಲು ಅವನಿಗೆ ಕಣ್ಣು ಬೇಡ, ಬೆರಳು ಸಾಕು. ಆದರೆ ಅಂಗಡಿಗೆ ಹೋಗಲು ಮನೆ ಮುಂದಿನ ಕಲ್ಲುಮೆಟ್ಟಿಲು ಇಳಿಯಬೇಕಲ್ಲ! ಒಂದು ಬದಿ ಹುಲ್ಲು ಬೆಳೆದ ಎತ್ತರದ ಮಣ್ಣಿನ ಧರೆ, ಇನ್ನೊಂದು ಬದಿ ತಡೆಯೇ ಇಲ್ಲದೆ ಕೆಳಗೆ ಹಳ್ಳ. ಅವಳೇ ಕೈ ಹಿಡಿದು ಇಳಿಸುತ್ತಿದ್ದಳು. ಹಾಗೆ ಹಿಡಿದಾಗಲೆಲ್ಲ ಅವನ ಮುಖ ಸಣ್ಣದಾಗುತ್ತಿತ್ತು.

ಕಾಲೇಜೊಂದರವರು ಬಂದು ಪ್ರಯೋಗಕ್ಕೆಂದು ಒಂದು ಕೋಲು ಕೊಟ್ಟರು. ನಮ್ಮ ಕಿವಿಗೆ ಕೇಳದ ಸದ್ದನ್ನು ಅದು ನೆಲಕ್ಕೆ ಬಿಡುತ್ತದೆ. ಆ ಸದ್ದು ಮರಳಿ ಬಂದ ರೀತಿಯಿಂದ ನೆಲ ನುಣುಪೋ ಒರಟೋ ಎಂದು ತಿಳಿದುಕೊಳ್ಳುತ್ತದೆ. ಕಲ್ಲಾದರೆ ಕೋಲಿನ ಹಿಡಿ ಸುಮ್ಮನಿರುತ್ತದೆ. ಹುಲ್ಲು, ತರಗೆಲೆ ಸಿಕ್ಕರೆ ಗುರ್ರೆನ್ನುತ್ತದೆ, ಅಂದರೆ ದಾರಿ ತಪ್ಪಿದೆ ಎಂದು.

ರಹಮಾನ್ ಮದುಮಗನಂತೆ ಹಿಗ್ಗಿದ. “ಇನ್ನು ನನ್ನ ಹಿಂದೆ ಬರ್ಬೇಡ ಮಾರಾಯ್ತಿ. ಆಣೆ ಮಾಡು.”

ಮಾಡಿದಳು. ಮಾಡಿದವಳು ಮರುದಿನದಿಂದಲೇ ಚಪ್ಪಲಿ ಬಿಟ್ಟು, ಉಸಿರು ಬಿಗಿಹಿಡಿದು ಅವನ ಹಿಂದೆ ಹೋದಳು! ಹೆದರಿಕೆ ಅವಳನ್ನು ಬಿಡಬೇಕಲ್ಲ.

ಮಳೆ ಹಿಡಿದು ಮೆಟ್ಟಿಲಿಗೆ ಪಾಚಿ ಹತ್ತಿತು. ಜಾರುವುದು ಆ ಕೋಲಿಗೆ ಗೊತ್ತಾಗುತ್ತದೋ ಇಲ್ಲವೋ ಎಂಬ ಯೋಚನೆಯಲ್ಲಿ ಅವಳಿಗೆ ತುತ್ತು ಇಳಿಯಲಿಲ್ಲ. ಒಂದು ಬೆಳಿಗ್ಗೆ ಅವನು ಚಹಾ ಕುಡಿಯುತ್ತಿದ್ದಾಗ, ಮಳೆಗಾಲದಲ್ಲಿ ಈ ಕಡೆಯವರೆಲ್ಲ ಮಾಡುವಂತೆ, ಕಾಲು ಜಾರದಿರಲೆಂದು ಮೆಟ್ಟಿಲ ನಡುವೆ ಅಡಿಕೆ ಗರಿಯ ಸೋಗೆ ಹಾಸಿ ಬಂದಳು. ಆಗ ಮನಸ್ಸು ತುಸು ಹಗುರಾಯಿತು.

ರಹಮಾನ್ ಇಳಿಯತೊಡಗಿದ. ಕೋಲು ಗುರ್ರೆಂದಿತು. ಧರೆಯ ಹುಲ್ಲಿಗೆ ಬಂದೆನೆಂದುಕೊಂಡು ಕೋಲನ್ನು ಆಚೆ ಬದಿಗೆ ಆಡಿಸಿದ. ಅಲ್ಲಿ ಸೋಗೆ ಬೀಳದ ಬರಿಗಲ್ಲಿನ ಅಂಚು, ಹಿಡಿ ತೆಪ್ಪಗಾಯಿತು. ಅವನು ನಿರಾಳವಾಗಿ ಅತ್ತ ಸರಿದು ಕಾಲೆತ್ತಿದ.

“ಯಾ ಅಲ್ಲಾ, ನಿಲ್ಲಿ! ಹಳ್ಳ!”

ಹಿಂದಿದ್ದ ಮೆಹರ್ ಓಡಿ ಬಂದು ಅಂಗಿ ಹಿಡಿದೆಳೆದಳು. ಇಬ್ಬರೂ ಮೆಟ್ಟಿಲ ಮೇಲೆ ಕುಸಿದರು. ಅವನ ಕೈಗೆ ಸೋಗೆ ತಗುಲಿತು.

“ಇದನ್ನ ಹಾಕಿದ್ದು ನೀನಾ?”

“ಜಾರ್ತೀರಿ ಅಂತ...”

“ದಿನಾ ಹಿಂದೆ ಬರ್ತಿದ್ಯಾ?”

ಅವಳು ಹಿಡಿದಿದ್ದ ಅಂಗಿ ಬಿಟ್ಟಳು.

“ನಾನೊಬ್ನೇ ಹೋಗ್ತಿದೀನಿ ಅಂದ್ಕಂಡಿದ್ದೆ,” ಎಂದ. ಕೋಲನ್ನು ಅವಳ ಮಡಿಲಲ್ಲಿಟ್ಟು, ಧರೆ ತಡವುತ್ತ ಮನೆಯತ್ತ ಹತ್ತಿದ.

ಅವನು ಇನ್ನು ಜಗಲಿ ಬಿಟ್ಟು ಏಳುವುದಿಲ್ಲವೆಂದು ಅವಳಿಗೆ ಖಾತ್ರಿಯಾಯಿತು. ಹಳ್ಳಕ್ಕಿಂತ ಅದೇ ಹೆಚ್ಚು ಹೆದರಿಸಿತು. ಸೋಗೆಯನ್ನೆಲ್ಲ ಎಳೆದು ಬಿಸಾಡಿದಳು. ಕತ್ತಿ ತಂದು, ಅಳುತ್ತಲೇ ಮೆಟ್ಟಿಲ ಪಾಚಿ ಕೆರೆದಳು. ಆಮೇಲೆ ಕೋಲನ್ನು ಅವನ ಕೈಗೆ ತುರುಕಿ, “ಅಂಗ್ಡಿಗೆ ಹೊತ್ತಾಯ್ತು, ಹೋಗಿ,” ಎಂದಳು.

ಒಳಗೆ ಹೋಗಿ, ಅವನಿಗೆ ಕೇಳಲೆಂದೇ ಜೋರಾಗಿ ಚಿಲಕ ಹಾಕಿಕೊಂಡಳು.