ಸಡಿಲ ಮಾಡಿದ ಸ್ಪ್ರಿಂಗ್

2023ರ ಬೇಸಿಗೆಯಲ್ಲಿ ನಾನು ಚಿತ್ರದುರ್ಗದ ಒಂದು ಬಂದೂಕಿನ ಅಂಗಡಿಯಲ್ಲಿ ರಿಪೇರಿ ಮೆಕ್ಯಾನಿಕ್ ಆಗಿದ್ದೆ. ಆರನೇ ತರಗತಿಗೆ ಶಾಲೆ ಬಿಟ್ಟವನು. ಅಂಗಡಿಯ ಯಜಮಾನರಾದ ಸಾಬರ ಪಕ್ಕದಲ್ಲಿ ಕುಳಿತು ಅರ ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಕಲಿತೆ. ನಮ್ಮಲ್ಲಿಗೆ ಬರುತ್ತಿದ್ದದ್ದು ಹೆಚ್ಚಾಗಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಕೊಟ್ಟ ಒಂಟಿ ನಳಿಗೆಯ ಬಂದೂಕುಗಳು. ಇವುಗಳಿಗೆ ನಳಿಗೆಯ ಬಾಯಿಂದ ಮದ್ದು ಸುರಿದು, ಮೇಲೆ ಚರೆ ಎಂಬ ಸೀಸದ ಸಣ್ಣ ಗುಂಡು ಹಾಕಿ, ಗಜ ಎನ್ನುವ ಸಲಾಕೆಯಿಂದ ಗಟ್ಟಿಸಬೇಕು. ಆಮೇಲೆ ಹಿಂದುಗಡೆ ಪುಟ್ಟದೊಂದು ಕೇಪು ಸಿಕ್ಕಿಸಬೇಕು. ಕುದುರೆ ಎಂದು ಕರೆಯುವ ಸುತ್ತಿಗೆಯಂಥ ಭಾಗ ಬಂದು ಆ ಕೇಪಿಗೆ ಬಡಿದರೆ ಕಿಡಿ ಹುಟ್ಟಿ ಮದ್ದು ಹೊತ್ತಿಕೊಳ್ಳುತ್ತದೆ. ಕುದುರೆಗೆ ಬಲ ಬರುವುದು ಒಳಗಿನ ಸ್ಪ್ರಿಂಗಿನಿಂದ.

ಚುನಾವಣೆ ಬಂದರೆ ಲೈಸೆನ್ಸ್ ಇದ್ದವರೆಲ್ಲ ಬಂದೂಕನ್ನು ಪೊಲೀಸ್ ಠಾಣೆಯಲ್ಲೋ ನಮ್ಮಂಥ ಅಂಗಡಿಯಲ್ಲೋ ಒಪ್ಪಿಸಿ, ಎಲ್ಲ ಮುಗಿದ ಮೇಲೆ ವಾಪಸ್ ಪಡೆಯಬೇಕು. ಆ ವರ್ಷ ವಿಧಾನಸಭೆ ಚುನಾವಣೆ ಇತ್ತು. ಅಂಗಡಿಯ ಮುಂದೆ ಬೆಂಚಿನ ತುಂಬ ರೈತರು. ಮಾಡದಕೆರೆ ಕಡೆಯ ನನ್ನ ಭಾವ, ಅಂದರೆ ಗೌರಕ್ಕನ ಗಂಡ ನಿಂಗಪ್ಪ, ತನ್ನ ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದಿದ್ದ. ಬೆಂಚಿನ ಮೇಲೆ ಯಾರದೋ ಫೋನಿನಲ್ಲಿ ಅಮೆರಿಕದ ಅಂಗಡಿಯೊಂದರ ವಿಡಿಯೋ ಓಡುತ್ತಿತ್ತು. ಗೋಡೆ ತುಂಬ ಬಂದೂಕು ನೇತುಹಾಕಿದ್ದರು.

"ನೋಡ್ರಿ, ಅಲ್ಲಿ ಬಂದೂಕು ಇಟ್ಕಳ್ಳದು ಹಕ್ಕಂತೆ" ಎಂದ ಭಾವ. "ನಾವು ಒಂದು ಹಂದಿ ಹೆದ್ರಸಾಕೆ ಡಿಸಿ ಸಾಹೇಬ್ರ ಸೈನು ಕೇಳ್ಬೇಕು. ಎಲೆಕ್ಷನ್ ಬಂತು ಅಂದ್ರೆ ಕಳ್ಳರ ಹಂಗೆ ತಂದು ಒಪ್ಪಿಸ್ಬೇಕು."

ಜವನಗೊಂಡನಹಳ್ಳಿಯ ಒಬ್ಬ ಮುದುಕ ಬೀಡಿ ಆರಿಸುತ್ತ, "ಅಲ್ಲಿ ಇಸ್ಕೂಲ್ ಮಕ್ಕಳ್ನೂ ಹೊಡಿತಾರಂತೆ ಬಿಡಪ್ಪ" ಎಂದ.

"ಅದು ಬಂದೂಕಿನ ತಪ್ಪಾ? ಮನ್ಸನ ತಪ್ಪು."

"ಹಂಗಾದ್ರೆ ಬಂದೂಕು ಮನೇಲಿರ್ಲಿ. ಮನ್ಸನ್ನ ತಂದು ಇಲ್ಲಿ ಡಿಪಾಜಿಟ್ ಮಾಡಾಣ. ಏನ್ ಸಾಬ್ರೆ, ಜಾಗ ಐತಾ?"

ಎಲ್ಲರೂ ನಕ್ಕರು. ನಾನೂ ನಕ್ಕು, ಭಾವನ ಪರವಾಗಿ ಎರಡು ಮಾತಾಡಿದೆ. ಬಂದೂಕಿನಿಂದ ಅನ್ನ ತಿನ್ನುವವನು ಬೇರೆ ಏನು ಹೇಳಲಿ?

ಒಂದು ವಾರ ಕಳೆದಿರಬೇಕು, ಅಕ್ಕ ಒಬ್ಬಳೇ ಬಂದಳು. ಕಣ್ಣಿನ ಆಸ್ಪತ್ರೆಗೆಂದು ಮನೆಯಲ್ಲಿ ಹೇಳಿ ಬಂದಿದ್ದಳು. ಸಾಬರು ನಮಾಜಿಗೆ ಹೋಗುವವರೆಗೂ ಬೆಂಚಿನ ತುದಿಯಲ್ಲಿ ಸುಮ್ಮನೆ ಕುಳಿತಿದ್ದು, ಆಮೇಲೆ ಬಾಯಿಬಿಟ್ಟಳು.

"ಆ ಬಂದೂಕು ವಾಪಸ್ ಕೊಡ್ಬ್ಯಾಡ ತಿಪ್ಪೇಶಿ."

ಯಾಕೆ ಎಂದೆ. ಭಾವ ಕುಡಿಯುವುದು ಗೊತ್ತಿತ್ತು. ಉಳಿದದ್ದು ಗೊತ್ತಿರಲಿಲ್ಲ.

"ಹೊಡ್ಯಲ್ಲ, ಬಡ್ಯಲ್ಲ. ಕುಡ್ದಾಗ ಅದನ್ನ ತಂದು ತೊಡೆ ಮ್ಯಾಲೆ ಇಟ್ಕಂಡು ಹೊಸ್ತಿಲಲ್ಲಿ ಕುಂತ್ಕಂತಾರೆ. ಒಂದ್ ಮಾತಿಲ್ಲ. ನಾನು ಒಳಗೆ. ಹೊರಗೆ ಹೋಗ್ಬೇಕಂದ್ರೆ ಅವ್ರನ್ನ ದಾಟಿ ಹೋಗ್ಬೇಕು. ಕೇಪು ಹಾಕೈತೋ ಇಲ್ವೋ ನಂಗೇನು ಗೊತ್ತು?"

ಲೈಸೆನ್ಸ್ ಕೊಡುವುದೂ ತೆಗೆಯುವುದೂ ಡಿಸಿ ಆಫೀಸು ಎಂದು ಯಾರೋ ಅವಳಿಗೆ ಹೇಳಿದ್ದರು. ಜತೆಗೆ ಬಾ, ನೀನು ಆ ಕಸುಬಿನವನು, ನಿನ್ನ ಮಾತು ಕೇಳುತ್ತಾರೆ ಎಂದಳು. ಅವಳು ಹೇಳಿದ್ದು ಸರಿಯೇ. ಮನೆಯವರು ಬರೆದುಕೊಟ್ಟರೆ ವಿಚಾರಣೆ ಮಾಡಿ ಬಂದೂಕನ್ನು ತಡೆಹಿಡಿಯಲು ಬರುತ್ತದೆ. ನಾನೇ ಗಿರಾಕಿಗಳಿಗೆ ಆ ಕಾನೂನು ಹೇಳಿದ್ದುಂಟು. ಆದರೆ ಅಕ್ಕನಿಗೆ ಹೇಳಿದ್ದು ಬೇರೆ. "ಮನೆ ಮಾತು ಆಫೀಸಿನ ಬಾಗಿಲಿಗೆ ಒಯ್ದರೆ ಮರ್ಯಾದೆ ಏನಾಗ್ತದೆ? ಭಾವ ನಾಳೆ ನಿನ್ನ ಮನೇಲಿಟ್ಕಂತಾನಾ?" ಎಂದೆ. ನಿಜವಾಗಿ ನನಗಿದ್ದ ಭಯ ಭಾವನದು. ನಮ್ಮ ಮನೆಯ ಮದುವೆಗಳಲ್ಲಿ ಮುಂದೆ ನಿಂತವನು, ಅವನಿಗೆ ಎದುರಾಡಿ ನನಗೆ ಅಭ್ಯಾಸವಿಲ್ಲ.

ಅವಳು ನನ್ನ ಕೈಯನ್ನೇ ನೋಡಿದಳು. "ಹಂಗಾದ್ರೆ ಹೊಡೀದಂಗೆ ಮಾಡಿಕೊಡು. ಅಷ್ಟಾದ್ರೂ ಮಾಡ್ತೀಯಾ?"

ಅದಕ್ಕೆ ಹೂಂ ಅಂದೆ. ಪೂರ್ತಿ ಕೆಡಿಸಿದರೆ ಭಾವ ಮರುದಿನವೇ ತಂದು ಸಾಬರ ಕೈಗೆ ಕೊಡುತ್ತಾನೆ, ಸಾಬರಿಗೆ ತಿಳಿದುಹೋಗುತ್ತದೆ. ಅದಕ್ಕೆ ಸ್ಪ್ರಿಂಗನ್ನು ಬಿಚ್ಚಿ ಕಾಯಿಸಿ ಅದರ ಹದ ಇಳಿಸಿದೆ. ಕುದುರೆ ಬೀಳುತ್ತದೆ, ಆದರೆ ಮೆತ್ತಗೆ ಬೀಳುತ್ತದೆ. ಕೇಪು ತೇವ ಹಿಡಿದಿದೆ ಎಂದುಕೊಂಡು ಸುಮ್ಮನಾಗುತ್ತಾನೆ ಎಂದು ನನ್ನ ಲೆಕ್ಕ.

ಈ ಜಾತಿಯ ಬಂದೂಕು ಹೊಡೆಯದೆ ಹೋದರೆ ಒಳಗಿನ ಮದ್ದು ಹಾಗೇ ಕುಳಿತಿರುತ್ತದೆ. ಮರೆತು ಮತ್ತೊಂದು ಸಲ ತುಂಬಿ ಹೊಡೆದರೆ ನಳಿಗೆ ಸಿಡಿಯುತ್ತದೆ. ತುಂಬುವ ಮೊದಲು ಗಜ ಇಳಿಸಿ ಆಳ ನೋಡಿಕೊಳ್ಳಿ ಎಂದು ಪ್ರತಿಯೊಬ್ಬ ಗಿರಾಕಿಗೂ ಹೇಳುವುದು ನನ್ನ ರೂಢಿ. ಫಲಿತಾಂಶ ಬಂದ ಮೇಲೆ ಭಾವ ಬಂದೂಕು ಒಯ್ಯಲು ಬಂದಾಗ ಆ ಮಾತು ಬಾಯಿಗೆ ಬಂದಿತ್ತು. ಹೇಳಿದರೆ ಇದು ಹೊಡೆಯುವುದಿಲ್ಲವೇನೋ ಎಂಬ ಅನುಮಾನ ಬರುತ್ತದೆಂದು ನುಂಗಿಕೊಂಡೆ. ಅವನು ಕುದುರೆಯನ್ನು ಒಮ್ಮೆ ಎಳೆದು ನೋಡಿ, "ಎಣ್ಣೆ ಹಾಕಿದೀಯಲ್ಲಲೇ, ಹಗುರಾಗೈತೆ" ಎಂದು ನನ್ನ ಬೆನ್ನು ತಟ್ಟಿದ.

ಸೆಪ್ಟೆಂಬರಿನಲ್ಲಿ ಫೋನ್ ಬಂತು. ನಾನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಭಾವನ ಎಡಗೈಯನ್ನು ಮಣಿಕಟ್ಟಿನ ಮೇಲಕ್ಕೆ ಕತ್ತರಿಸಿ ಆಗಿತ್ತು. ಮುಖದ ಅರ್ಧಕ್ಕೆ ಬ್ಯಾಂಡೇಜು. ನಡೆದದ್ದನ್ನು ಅವನೇ ಆಮೇಲೆ ಹೇಳಿದ. ಮೆಕ್ಕೆಜೋಳಕ್ಕೆ ಹಂದಿ ನುಗ್ಗಿದ ಸಂಜೆ ಗುರಿ ಹಿಡಿದರೆ ಕೇಪು ಸಿಡಿಯಲಿಲ್ಲ. ಕೇಪು ಬದಲಿಸಿದ, ಆಗಲೂ ಇಲ್ಲ. ಬಂದೂಕನ್ನು ತಂದು ಮೂಲೆಗಿಟ್ಟು ಕುಡಿದು ಮಲಗಿದ. ಕೆಲವು ದಿನ ಬಿಟ್ಟು, ಕುದುರೆ ಸಡಿಲವಾಗಿದೆ ಎಂದು ಕಂಡುಕೊಂಡು, ಅದು ಜೋರಾಗಿ ಬೀಳಲೆಂದು ಸೈಕಲ್ ಟ್ಯೂಬಿನ ಪಟ್ಟಿ ಕತ್ತರಿಸಿ ಬಿಗಿದು ಕಟ್ಟಿದ. ಒಳಗೆ ಮದ್ದಿರುವುದು ನೆನಪಾಗದೆ ಇನ್ನೊಂದು ಸಲ ತುಂಬಿದ. ಹೊಲದ ಬದುವಿನಲ್ಲಿ ನಿಂತು ಹೊಡೆದ. ಎಡಗೈಯಲ್ಲಿ ಹಿಡಿದ ಕಡೆಯೇ ನಳಿಗೆ ಬಿರಿದಿತ್ತು.

"ಡಬಲ್ ಮದ್ದು ಹಾಕಿದ್ದು ನಾನು. ತಪ್ಪು ನಂದೇ ಕಣಲೇ" ಎಂದ. ಮಂಚದ ಸುತ್ತ ನಿಂತ ನೆಂಟರ ಕಡೆ ತಿರುಗಿ, "ನಮ್ ತಿಪ್ಪೇಶಿ ಕೆಲ್ಸದಾಗೆ ಹುಳುಕು ಇರಲ್ಲ. ಯಾರೂ ಅವನ್ನ ಅನ್ನಬ್ಯಾಡ್ರಿ" ಎಂದ. ಅಕ್ಕ ಮಂಚದ ಕಂಬಿ ಹಿಡಿದು ನಿಂತಿದ್ದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಪೊಲೀಸರು ಠಾಣೆಗೆ ಕರೆಸಿ, ಒಡೆದ ಬಂದೂಕನ್ನು ಮೇಜಿನ ಮೇಲಿಟ್ಟು, ಚುನಾವಣೆ ಹೊತ್ತಲ್ಲಿ ಇದು ನಿನ್ನ ಹತ್ತಿರ ಇತ್ತಲ್ಲ, ಏನಾಗಿರಬಹುದು ಎಂದು ಕೇಳಿದರು. "ಹಳೇ ನಳಿಗೆ ಸಾರ್, ಒಳಗೆ ತುಕ್ಕು ತಿಂದಿರ್ಬೇಕು" ಎಂದೆ. ಕುದುರೆಯ ಮೇಲೆ ಟ್ಯೂಬಿನ ಪಟ್ಟಿ ಇನ್ನೂ ನೇತಾಡುತ್ತಿತ್ತು. ಅದನ್ನು ಯಾಕೆ ಕಟ್ಟಬೇಕಾಯಿತು ಎಂದು ಯಾರೂ ಕೇಳಲಿಲ್ಲ.

ಮುಂದಿನ ದಿನಗಳಲ್ಲಿ ಅಂಗಡಿಯಲ್ಲಿ ಯಾವುದಾದರೂ ಕುದುರೆ ಮೆತ್ತಗೆ ಬಿದ್ದ ಸದ್ದಾದರೆ ನನ್ನ ಕೈ ನಿಂತುಬಿಡುತ್ತಿತ್ತು. ಸಾಬರು "ವಯಸ್ಸಾಯ್ತು ಮಾರಾಯ ನಿಂಗೆ" ಎಂದು ನಗುತ್ತಿದ್ದರು. ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟೆ.

ಈ ವರ್ಷ, ಭಾವನಿಗೆ ಹೇಳಿಬಿಡಲಾ ಎಂದು ಅಕ್ಕನನ್ನು ಕೇಳಿದೆ. "ಹೇಳು, ನಂಗೂ ಸಾಕಾಗೈತೆ" ಎಂದಳು. ಅವರ ಪಡಸಾಲೆಯಲ್ಲಿ ಕುಳಿತು ಸ್ಪ್ರಿಂಗಿನಿಂದ ಠಾಣೆಯ ಸುಳ್ಳಿನವರೆಗೆ ಎಲ್ಲ ಹೇಳಿದೆ. ಅಕ್ಕ ಅಲ್ಲೇ ಅವರೆಕಾಯಿ ಸುಲಿಯುತ್ತಿದ್ದಳು. ಬೈಯುತ್ತಾನೆ, ಎದ್ದು ಹೊಡೆಯುತ್ತಾನೆ ಎಂದು ಕಾದೆ. ಭಾವ ನನ್ನನ್ನು ನೋಡಲೇ ಇಲ್ಲ.

"ಏನೇ ಗೌರಿ, ಅಷ್ಟು ಹೆದರ್ತಿದ್ಯಾ ನಂಗೆ?"

"ಹೂಂ."

"ನಾನು ನಿನ್ ಮ್ಯಾಲೆ ಯಾವತ್ತೂ ಗುರಿ ಹಿಡಿದಿಲ್ಲ."

"ಇಲ್ಲ."

"ಈಗ? ಈಗೇನೈತೆ ನನ್ ಕೈಯಾಗೆ?"

ಅಕ್ಕ ಕೈಲಿದ್ದ ಕಾಯನ್ನು ಮೊರಕ್ಕೆ ಹಾಕಿ, "ಈಗ್ಲೂ ಹೆದ್ರಿಕೆ ಐತೆ" ಎಂದಳು.

ಭಾವ ಎದ್ದು ಹಿತ್ತಲಿಗೆ ಹೋದ. ನಾನು ಹೊರಡುವವರೆಗೂ ಒಳಗೆ ಬರಲಿಲ್ಲ.

ಲೈಸೆನ್ಸ್ ಅರ್ಜಿ ಬಂದಾಗ ಪೊಲೀಸರು ಅಕ್ಕಪಕ್ಕದವರನ್ನು ವಿಚಾರಿಸುತ್ತಾರೆ, ಪಹಣಿ ನೋಡುತ್ತಾರೆ, ಹಳೆಯ ಕೇಸು ಇದೆಯೇ ಎಂದು ಹುಡುಕುತ್ತಾರೆ. ಅದೇ ಸೂರಿನಡಿ ಮಲಗುವ ಹೆಂಗಸನ್ನು ಒಬ್ಬಳೇ ಕೂರಿಸಿ ಕೇಳಿದ್ದನ್ನು ನನ್ನ ಕಸುಬಿನಲ್ಲಿ ನಾನು ಕಾಣಲಿಲ್ಲ. ಬಂದೂಕು ಯಾರ ಕೈಯಲ್ಲಿರಬೇಕು, ಇರಬಾರದು ಎಂಬ ಮಾತು ಎಲ್ಲೇ ನಡೆಯಲಿ, ಮೊದಲು ಅವಳನ್ನು ಕೇಳಬೇಕು ಎಂದು ಈಗ ಅನ್ನಿಸುತ್ತದೆ. ನನಗೆ ಕೇಳುವ ಶ್ರಮವೂ ಇರಲಿಲ್ಲ, ಅವಳೇ ಬಂದು ಹೇಳಿದ್ದಳು. ಡಿಸಿ ಆಫೀಸು ನಮ್ಮ ಅಂಗಡಿಯಿಂದ ನಡೆದು ಹೋಗುವಷ್ಟು ಹತ್ತಿರ. ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡಿದ್ದರೆ ಸಾಕಿತ್ತು.