ವಿಭೂತಿ ಅಳಿಸಿದ ಫೋಟೋ

ಗುಬ್ಬಿಯ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ವೀರಭದ್ರಯ್ಯನವರು ಇಟ್ಟ ಫೋಟೋ ಸ್ಟುಡಿಯೋ ಇತ್ತು. ಅವರು ತೀರಿಕೊಂಡ ಮೇಲೆ ಅದನ್ನು ಮಗಳು ಮಾಲಿನಿ, ಮಗ ಸೋಮಶೇಖರ್ ಇಬ್ಬರೂ ಸೇರಿ ನಡೆಸಿಕೊಂಡು ಬಂದಿದ್ದರು. ತಮ್ಮನಾದವನು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಮದುವೆ, ನಾಮಕರಣ ಅಂತ ಊರೂರು ಸುತ್ತುವವನು. ಅಕ್ಕ ಕಂಪ್ಯೂಟರ್ ಮುಂದೆ ಕೂತು ಫೋಟೋ ತಿದ್ದುವವಳು. ಮಾತು ಕಡಿಮೆ, ಸಿಟ್ಟು ಜಾಸ್ತಿ ಅಂತ ಬೀದಿಯವರೆಲ್ಲ ಅವಳ ಬಗ್ಗೆ ಹೇಳುತ್ತಿದ್ದರು. ಅದು ಸುಳ್ಳೇನಲ್ಲ.

ಅವಳು ಬಳಸುತ್ತಿದ್ದದ್ದು ಇಂಟರ್ನೆಟ್ಟಿನಿಂದ ಪುಕ್ಕಟೆ ಇಳಿಸಿಕೊಂಡ ಸಾಫ್ಟ್‌ವೇರ್. ತುಮಕೂರಿನ ಗಂಡನ ಮನೆ ಬಿಟ್ಟು ತವರಿಗೆ ಬಂದ ವರ್ಷ, ಯಾರ ಮುಖವೂ ಬೇಡ ಅಂತ ಒಳಗಿನ ಕೋಣೆಯಲ್ಲಿ ಕೂತು ಕಲಿತದ್ದು. ಮೊದಮೊದಲು ಅದೂ ತಲೆ ತಿಂದಿತ್ತು. ಯಾವ ಬಟನ್ ಎಲ್ಲಿದೆ ಅಂತ ಹುಡುಕುವುದರಲ್ಲೇ ಮಧ್ಯಾಹ್ನ ಕಳೆದುಹೋಗುತ್ತಿತ್ತು. ಆಮೇಲೆ ಕೈಗೆ ಹತ್ತಿತು. ಆದರೂ ಒಂದು ಹಳೇ ಫೋಟೋ ಸರಿಮಾಡಬೇಕೆಂದರೆ ಸಾವಕಾಶ ಬೇಕು.

"ನೀನೊಂದು ಮುಖ ಮುಗಿಸೋ ಹೊತ್ಗೆ ತುಮಕೂರಲ್ಲಿ ಒಂದಾಲ್ಬಮ್ಮೇ ಮುಗ್ಸಿರ್ತಾರೆ ಕಣಕ್ಕ" ಅಂತ ಸೋಮಶೇಖರ್ ಗೊಣಗುತ್ತಿದ್ದ.

ಒಂದು ದಿನ ಅವನು ತುಮಕೂರಿನ ಹೋಟೆಲೊಂದರಲ್ಲಿ ಹೊಸ ಸಾಫ್ಟ್‌ವೇರೊಂದರ ಡೆಮೊ ನೋಡಿಕೊಂಡು ಬಂದ. ಬರುವಾಗಲೇ ವರ್ಷದ ಚಂದಾ ಕಟ್ಟಿ ಅದನ್ನು ತಂದಿದ್ದ. ಒಂದು ಸಲ ಒತ್ತಿದರೆ ಸಾಕು, ಮುಖದ ಮೇಲಿನ ಕಲೆ, ಸುಕ್ಕು, ಕಪ್ಪು ಎಲ್ಲ ಮಾಯ. ಮಾಲಿನಿ ಅದನ್ನು ನೋಡಿ, "ನನ್ನನ್ನ ಒಂದ್ಮಾತು ಕೇಳಿದ್ಯಾ?" ಅಂದಳು.

"ಕೇಳಿದ್ರೆ ಬೇಡ ಅಂತಿದ್ದೆ. ಬಿಟ್ಟಿ ಸಿಕ್ಕಿದ್ದಕ್ಕೆ ಎಲ್ಲಿಂದ ಬರುತ್ತೆ ಬೆಲೆ? ದುಡ್ಡು ಕೊಟ್ರೆ ತಾನೆ ಒಳ್ಳೇದು ಸಿಗೋದು."

ಅವಳು ತನ್ನ ಕಂಪ್ಯೂಟರಿಗೆ ಅದನ್ನು ಹಾಕಿಸಿಕೊಳ್ಳಲಿಲ್ಲ. ಅವನು ತನ್ನ ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡ. ಒಂದೇ ಅಂಗಡಿಯಲ್ಲಿ ಎರಡು ಒಲೆ ಹೊತ್ತಿಸಿದಂತಾಯಿತು. ಗಿರಾಕಿಗಳು ಅವನ ಒಲೆಯ ಕಡೆಗೇ ನಡೆದರು ಅನ್ನುವುದೂ ನಿಜ.

ಹಾಗಿರುವಾಗ ಕುಣಿಗಲ್ಲಿನಿಂದ ಸದಾಶಿವಯ್ಯನವರು ಬಂದರು. ದೂರದ ನೆಂಟರು. ಅವರ ತಾಯಿ ಶಿವರುದ್ರಮ್ಮ ತೀರಿಕೊಂಡಿದ್ದರು. ಆ ತಾಯಿಯ ತವರು ಗುಬ್ಬಿ. ಹಿಂದೆ ಯಾವುದೋ ಮದುವೆಗೆ ಬಂದಾಗ ವೀರಭದ್ರಯ್ಯನವರೇ ತೆಗೆದಿದ್ದ ಒಂದು ಫೋಟೋ ಬಿಟ್ಟರೆ ಮುಖ ನೆಟ್ಟಗೆ ಕಾಣುವ ಫೋಟೋ ಆ ಮನೆಯಲ್ಲಿ ಬೇರೆ ಇರಲಿಲ್ಲ. ಅದೂ ಬಣ್ಣ ಹೋಗಿ ಮಾಸಿತ್ತು. ಶಿವಗಣಾರಾಧನೆಗೆ ಇಡಲು ದೊಡ್ಡದು ಮಾಡಿ ಫ್ರೇಮು ಹಾಕಿಸಿಕೊಡಿ ಅಂತ ಕೇಳಿದರು. ಅವತ್ತು ಮಾಲಿನಿ ಆಲ್ಬಮ್ ಪ್ರಿಂಟು ತರಲು ತುಮಕೂರಿಗೆ ಹೋಗಿದ್ದಳು. ಸೋಮಶೇಖರ್ ತನ್ನ ಲ್ಯಾಪ್‌ಟಾಪಿನಲ್ಲಿ ಒತ್ತಿ, ಫ್ರೇಮು ಹಾಕಿಸಿ, ಕುಣಿಗಲ್ಲಿಗೆ ಕಳಿಸಿಯೇಬಿಟ್ಟ.

ಶಿವಗಣಾರಾಧನೆಗೆ ಮಾಲಿನಿ ಒಬ್ಬಳೇ ಹೋದಳು. ನಡುಮನೆಯಲ್ಲಿ ಹೂವಿನ ಹಾರ ಹಾಕಿ ಫೋಟೋ ಇಟ್ಟಿದ್ದರು. ಮಾಲಿನಿ ಕೈ ಮುಗಿಯಲು ಹೋದವಳು ಹಾಗೇ ನಿಂತಳು. ಶಿವರುದ್ರಮ್ಮನ ಕೆನ್ನೆಯ ತುಂಬ ಇದ್ದ ಸಿಡುಬಿನ ಕಲೆ ಒಂದೂ ಇರಲಿಲ್ಲ. ಬಿಸಿಲಲ್ಲಿ ದುಡಿದ ಆ ಮುಖ ಮೈದಾಹಿಟ್ಟಿನ ಹಾಗೆ ಬೆಳ್ಳಗಾಗಿತ್ತು. ತುಟಿಗೆ ಗುಲಾಬಿ ಬಣ್ಣ. ಹಣೆ ಖಾಲಿ. ಮೂರು ಬೆರಳಿನ ವಿಭೂತಿಯನ್ನೂ ಆ ಸಾಫ್ಟ್‌ವೇರ್ ಕಲೆ ಅಂದುಕೊಂಡು ಒರೆಸಿ ಹಾಕಿತ್ತು. ಅದಕ್ಕೇ ಯಾರೋ ಗಾಜಿನ ಮೇಲೆ ವಿಭೂತಿ ಎಳೆದಿದ್ದರು. ಗೆರೆಗಳು ಸ್ವಲ್ಪ ಸೊಟ್ಟಗಾಗಿ ಹುಬ್ಬಿನ ಮೇಲೆ ಇಳಿದಿದ್ದವು.

ಶಿವರುದ್ರಮ್ಮನ ಜೊತೆ ಹೊಲದ ಕೆಲಸ ಮಾಡಿಕೊಂಡಿದ್ದ ಪಕ್ಕದ ಮನೆಯ ಚಿಕ್ಕಗಂಗಮ್ಮ ಮಾರ್ಕೋನಹಳ್ಳಿಯ ಮಗಳ ಮನೆಯಿಂದ ಅದೇ ಆಗ ಬಂದಿದ್ದರು. ಕಣ್ಣಿಗೆ ಕೈ ಅಡ್ಡ ಹಿಡಿದು ಫೋಟೋ ನೋಡಿ, "ಇದ್ಯಾರ್ದವ್ವಾ? ರುದ್ರಕ್ಕಂದು ಎಲ್ಲಿಟ್ಟಿದೀರಿ?" ಅಂತ ಕೇಳಿದರು.

ಸದಾಶಿವಯ್ಯ ಮಾಲಿನಿಯನ್ನು ಹಿತ್ತಲಿಗೆ ಕರೆದರು.

"ನಮ್ಮವ್ವ ವಿಭೂತಿ ಇಡ್ದೆ ಒಂದು ಗುಟುಕು ನೀರು ಕುಡ್ದೋಳಲ್ಲ. ಮಗ ಅಂತ ನಾನೇ ಗಾಜಿನ ಮೇಲೆ ಇಡಬೇಕಾಯ್ತಲ್ಲಮ್ಮ ಇವತ್ತು. ನಿಮ್ಮಪ್ಪ ಇದ್ದಿದ್ರೆ ಹಿಂಗೆ ಮಾಡ್ತಿದ್ರಾ?" ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ವಾಸಿಯಿತ್ತು.

ಮಾಲಿನಿ ಹಳೇ ಫೋಟೋ ಕೇಳಿ ಇಸಕೊಂಡಳು. ಊಟಕ್ಕೆ ಕೂರಲಿಲ್ಲ. ಬಸ್ಸು ಹೆಬ್ಬೂರು ದಾಟಿ ತುಮಕೂರು ಮುಟ್ಟಿ, ಅಲ್ಲಿಂದ ಗುಬ್ಬಿ ಬಸ್ಸು ಹತ್ತುವ ತನಕ ಅವಳಿಗೆ ಮೈಯೆಲ್ಲ ಉರಿ. ಪಕ್ಕದಲ್ಲಿ ಕೂತ ಹೆಂಗಸು ಹುಷಾರಿಲ್ವಾ ಅಂತ ಕೇಳಿದ್ದಕ್ಕೂ ಸಿಡುಕಿದಳು.

ಸ್ಟುಡಿಯೋದಲ್ಲಿ ಸೋಮಶೇಖರ್ ಗಿರಾಕಿಯೊಬ್ಬನಿಗೆ ಆಲ್ಬಮ್ ತೋರಿಸುತ್ತಿದ್ದ. ಅವಳು ಆ ಗಿರಾಕಿಯನ್ನು ನಾಳೆ ಬಾರಪ್ಪ ಅಂತ ಕಳಿಸಿ ಅರ್ಧ ಶಟರ್ ಎಳೆದಳು.

"ಏನ್ಲಾ ಸೋಮ, ಶಿವರುದ್ರಮ್ಮನ ಹಣೆ ಮೇಲಿನ ವಿಭೂತಿ ಎಲ್ಲೋ?"

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಸಣ್ಣದಾಯಿತು. ಆದರೂ ಸೋಲಲಿಲ್ಲ. "ಗಮನಿಸಲಿಲ್ಲ ಕಣಕ್ಕ. ಇನ್ನೊಂದು ಪ್ರಿಂಟು ಹಾಕ್ಕೊಟ್ರಾಯ್ತು. ಅದಕ್ಯಾಕೆ ಊರು ಮುಳುಗ್ದಂಗಾಡ್ತೀಯಾ? ಮುದುಕಿ ಚೆನ್ನಾಗೇ ಕಾಣ್ತಿದ್ಲು."

"ಚೆನ್ನಾಗಾ? ಯಾರು ಕೇಳಿದ್ರೋ ನಿನ್ನ ಚೆನ್ನಾಗಿರೋದನ್ನ? ಅವ್ರಿಗೆ ಬೇಕಾಗಿದ್ದು ಅವ್ರವ್ವ!"

"ನೀನು ಒಬ್ಳೇ ಅಕ್ಕ ಹಿಂಗನ್ನೋದು. ಬರೋರೆಲ್ಲ ಬೆಳ್ಳಗೆ ಮಾಡಿ ಅಂತ್ಲೇ ಬರ್ತಾರೆ."

ಆಗ ಮಾಲಿನಿಯ ಬಾಯಿಂದ ಇಷ್ಟು ವರ್ಷ ಬರದ ಮಾತು ಬಂತು. "ನನ್ನ ಮದುವೆಗೆ ಫೋಟೋ ಕಳಿಸ್ಬೇಕಾದ್ರೆ ಅಪ್ಪ ಏನ್ಮಾಡಿದ್ರು ಗೊತ್ತಾ? ಬ್ರಷ್ ಹಿಡ್ದು ನನ್ನ ಮುಖಾನ ಬೆಳ್ಳಗೆ ಮಾಡಿದ್ರು. ಪ್ರೀತಿಗೇ ಮಾಡಿದ್ರು. ಹೊಸಿಲು ದಾಟಿದ ದಿನಾನೇ ಅತ್ತೆ ಅಂದ್ಲು, ಫೋಟೋದಲ್ಲಿದ್ದ ಹುಡುಗಿ ಎಲ್ಲಿ, ತಂಗೀನ ತೋರ್ಸಿ ಅಕ್ಕನ್ನ ಕೊಟ್ರಾ ಅಂತ. ಆ ಮನೇಲಿದ್ದಷ್ಟು ದಿನಾನೂ ಅದೇ ಮಾತು. ನನಗೆ ತಂಗಿ ಎಲ್ಲಿದ್ಲೋ, ಸೋಮ?"

ಸೋಮಶೇಖರ್ ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ಹೋದ. ಅವಳು ತಡೆಯಲಿಲ್ಲ.

ಮರುದಿನ ಬೆಳಗ್ಗೆಯೇ ಹಳೇ ಫೋಟೋ ಸ್ಕ್ಯಾನ್ ಮಾಡಿಕೊಂಡು ಕೂತಳು. ಮಾಸಿದ ಹಣೆಯಲ್ಲಿ ವಿಭೂತಿಯ ಗೆರೆ ಇದೆಯೋ ಇಲ್ಲವೋ ಅನ್ನುವಷ್ಟು ತೆಳುವಾಗಿತ್ತು. ಅದನ್ನು ಎತ್ತಿ ಹಿಡಿಯುವಾಗ ಸುತ್ತಲಿನ ಚರ್ಮವೂ ಬೆಳ್ಳಗಾಗಿಬಿಡುತ್ತಿತ್ತು. ಅಳಿಸಿದಳು, ಮತ್ತೆ ಮಾಡಿದಳು. ಫೋಟೋ ಮಡಿಸಿದ ಕಡೆ ಬಿದ್ದಿದ್ದ ಬಿರುಕನ್ನು ಮುಚ್ಚಿದಳು, ಸಿಡುಬಿನ ಕಲೆ ಒಂದನ್ನೂ ಮುಟ್ಟಲಿಲ್ಲ. ಸಿಟ್ಟಿನಲ್ಲಿ ಮಾಡಿದ ಕೆಲಸ ಕೆಡುತ್ತದೆ ಅಂತಾರೆ. ಅದು ಕೆಡಲಿಲ್ಲ.

ಕುಣಿಗಲ್ಲಿಗೆ ತಮ್ಮನನ್ನೂ ಎಳೆದುಕೊಂಡು ಹೋದಳು. "ನೀನೇ ಕೈಯಾರೆ ಕೊಡು" ಅಂದಳು. ಸದಾಶಿವಯ್ಯ ಫೋಟೋವನ್ನು ಜಗಲಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಬೈಯೋಳು ನಮ್ಮವ್ವ, ಹಿಂಗೇ ನೋಡ್ಕೊಂಡು ಬೈಯೋಳು" ಅಂದರು. ಸೋಮಶೇಖರ್ ತಲೆ ತಗ್ಗಿಸಿ "ತಪ್ಪಾಯ್ತು ಮಾವ" ಅಂದ. ಅವರು ಅವನಿಗೆ ಕಾಫಿ ಕೊಡಿಸಿದರು.

ಆದರೆ ಅಕ್ಕತಮ್ಮಂದಿರ ಅಂಗಡಿ ಒಂದಾಗಿ ಉಳಿಯಲಿಲ್ಲ. ಕೆಲವು ತಿಂಗಳಲ್ಲೇ ಸೋಮಶೇಖರ್ ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಬೇರೆ ಸ್ಟುಡಿಯೋ ಮಾಡಿದ. ಅವನಿಗೆ ಅಲ್ಲಿ ಕೈತುಂಬ ಕೆಲಸ. ಇತ್ತ ಮಾಲಿನಿಗೆ ಬೇರೆ ತಾಪತ್ರಯ ಶುರುವಾಯಿತು. ಅವಳ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಸರಿಯಾಗಿ ಕಂಡ ಬಣ್ಣ ತುಮಕೂರಿನ ಲ್ಯಾಬಿನ ಹೊಸ ಮಷೀನಿನಲ್ಲಿ ಪ್ರಿಂಟಾಗುವಾಗ ಕೆಂಪಾಗಿ ಬರುತ್ತಿತ್ತು. ಎಷ್ಟು ತಿಣುಕಿದರೂ ಸರಿಹೋಗಲಿಲ್ಲ. ಕೊನೆಗೆ ಪ್ರಿಂಟಿನ ಬಣ್ಣ ಹೊಂದಿಸಲೆಂದೇ ಬೇರೊಂದು ಸಾಫ್ಟ್‌ವೇರನ್ನು ದುಡ್ಡು ಕೊಟ್ಟು ತೆಗೆದುಕೊಂಡಳು. ಸುದ್ದಿ ತಿಳಿದು ತಮ್ಮ ಫೋನ್ ಮಾಡಿದ.

"ಕೊನೆಗೂ ದುಡ್ಡು ಬಿಚ್ಚಿದ್ಯಲ್ಲಕ್ಕ!"

"ದುಡ್ಡು ಕೊಡಲ್ಲ ಅಂತ ನಾನ್ಯಾವತ್ತು ಅಂದಿದ್ದೆ?" ಅಂತ ರೇಗಿ ಫೋನ್ ಇಟ್ಟಳು.

ಮೊನ್ನೆ ಹೆಬ್ಬೂರಿನ ಕಡೆಯವರೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಗಂಡಿನ ಕಡೆಗೆ ಕಳಿಸಲು ಫೋಟೋ ಬೇಕಂತೆ. ಫೋಟೋ ತೆಗೆದಾದ ಮೇಲೆ ಅಪ್ಪ ದನಿ ತಗ್ಗಿಸಿ, "ಒಸಿ ಬಣ್ಣ ತಿಳಿ ಮಾಡಿ ಕೊಡವ್ವ" ಅಂದರು. ಮಾಲಿನಿ ಅವರನ್ನು ಬಿಟ್ಟು ಹುಡುಗಿಯನ್ನು ಕೇಳಿದಳು, "ನಿಂಗೆ ಬೇಕೇನೇ?"

ಹುಡುಗಿ ನೆಲ ನೋಡಿಕೊಂಡೇ "ಬ್ಯಾಡ" ಅಂದಳು.

"ಅವ್ಳಿಗೇನ್ ಗೊತ್ತಾಯ್ತದೆ" ಅಂತ ಅಪ್ಪ ನಕ್ಕರು. ಮಾಲಿನಿ ನಗಲಿಲ್ಲ. "ಇಲ್ಲಿ ಆಗಲ್ಲ" ಅಂದಳು. ಅವರು ಮಗಳ ತೋಳು ಹಿಡಿದುಕೊಂಡು ಎದುರಿನ ಕಟ್ಟಡದ ಮೆಟ್ಟಿಲು ಹತ್ತಿದರು. ಮೇಲೆ ಇನ್ನೊಂದು ಸ್ಟುಡಿಯೋ ಇದೆ. ಹುಡುಗಿ ಒಮ್ಮೆ ತಿರುಗಿ ನೋಡಿದಳು.

ಮಾಲಿನಿ ಬಾಗಿಲಲ್ಲೇ ನಿಂತಿದ್ದಳು. ಅವಳಿಗೆ ಓಡಿಹೋಗಿ ಆ ಮನುಷ್ಯನ ಕೈ ಬಿಡಿಸಬೇಕು ಅನ್ನಿಸಿತು. ಹೋಗಲಿಲ್ಲ. ಒಳಗೆ ಪಾಸ್‌ಪೋರ್ಟ್ ಫೋಟೋಗೆ ಬಂದವನೊಬ್ಬ ಕಾಯುತ್ತಿದ್ದ.

"ಕೂದಲು ಹಿಂದಕ್ಕೆ ಮಾಡ್ಕೊಂಡು ನೆಟ್ಟಗೆ ಕೂತ್ಕೊಳ್ರೀ" ಅಂತ ಅವನ ಮೇಲೆ ರೇಗಿದಳು.