ಮಂಗಳವಾರದ ಹಡಗಿನ ಮೀಟಿಂಗ್

ನಾವಿರುವ ಹಿರೋಷಿಮಾಕ್ಕೆ ರಷ್ಯಾದ ಸಖಾಲಿನ್ ದ್ವೀಪದಿಂದ ಹಡಗಿನಲ್ಲಿ ಗ್ಯಾಸ್ ಬರುತ್ತದೆ; ಒಲೆ ಉರಿಯುವುದೂ ಚಳಿಗಾಲದಲ್ಲಿ ಮನೆ ಬೆಚ್ಚಗಾಗುವುದೂ ಅದರಿಂದಲೇ. ಆ ಹಡಗುಗಳ ವೇಳಾಪಟ್ಟಿಯ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಪ್ರತಿ ಮಂಗಳವಾರ ವಿಡಿಯೋ ಮೀಟಿಂಗ್: ಅತ್ತ ಬಂದರಿನ ರಷ್ಯನ್ ಅಧಿಕಾರಿ, ಇತ್ತ ನನ್ನ ಜಪಾನಿ ಬಾಸ್ ಮತ್ತು ನಾನು. ಸಮುದ್ರದಲ್ಲಿ ಮಂಜುಗಡ್ಡೆ ಎಷ್ಟಿದೆ ಎಂದು ಅವರು ಹೇಳಬೇಕು, ನಾನು ಅದನ್ನು ಸಿಸ್ಟಮ್‌ಗೆ ತುಂಬಿಸಬೇಕು. ಅಷ್ಟು ಕೆಲಸಕ್ಕೆ ಅರ್ಧ ಗಂಟೆ ಹರಟುತ್ತಿದ್ದರು ಪುಣ್ಯಾತ್ಮ. ಒಮ್ಮೆ ಮಗ ಹಿಡಿದ ಮೀನನ್ನು ಕ್ಯಾಮೆರಾದ ಮುಂದೆ ಹಿಡಿದರು. ನಾನು ಸಸ್ಯಾಹಾರಿ ಎಂದರೆ, "ನೋಡೋಕೇನು ಕಷ್ಟ?" ಎಂದು ನಕ್ಕರು.

ಯುದ್ಧ ಶುರುವಾಯಿತು. ಎಷ್ಟೋ ದೇಶಗಳು ರಷ್ಯಾದ ಗ್ಯಾಸ್ ಬೇಡವೆಂದವು. ಜಪಾನಿಗೆ ಬಿಡಲಾಗಲಿಲ್ಲ, ಹಡಗು ಬರುತ್ತಲೇ ಇತ್ತು. ಒಂದು ದಿನ ಆ ಅಧಿಕಾರಿ, ಮಗನನ್ನು ಸೈನ್ಯಕ್ಕೆ ಕರೆದಿದ್ದಾರೆ ಎಂದರು. ಮೀಟಿಂಗ್ ಮುಗಿದ ಮೇಲೆ ಬಾಸ್ ನನಗೆ ಹೇಳಿದರು: ಇನ್ನು ಮಂಜುಗಡ್ಡೆ, ಹಡಗು, ಅಷ್ಟೇ. ಮನೆಯ ಮಾತು ಬೇಡ.

ಆ ಹುಡುಗ ಬದುಕಿದ್ದಾನೋ ಇಲ್ಲವೋ? ಪ್ರತಿ ಮಂಗಳವಾರ ನನಗೆ ತಿಳಿಯಬೇಕಿದ್ದದ್ದು ಅದೊಂದೇ. ಕೇಳುವಂತಿಲ್ಲ. ಗಂಡನ ಹತ್ತಿರ ಹೇಳಿಕೊಂಡರೆ, "ಸುಮ್ನೆ ಟೆನ್ಶನ್ ಮಾಡ್ಕೋಬೇಡ. ನಿನ್ ಪ್ರಾಜೆಕ್ಟ್ ಎಷ್ಟಿದ್ಯೋ ಅಷ್ಟು ನೋಡ್ಕೋ ತಾಯಿ" ಎಂದ. ಮೊದಲಾಗಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಕೋಪವೇ ಬರಲಿಲ್ಲ. ಒಲೆ ಹಚ್ಚಿ ಸಾರಿಗಿಟ್ಟೆ.

ಚಳಿಗಾಲದ ಒಂದು ಮಂಗಳವಾರ ಪರದೆಯಲ್ಲಿ ಬೇರೆ ಯಾರೋ ಕೂತಿದ್ದರು. ಮಂಜುಗಡ್ಡೆಯ ವರದಿ ಓದಿದರು. ಹಾಳಾಗಿ ಹೋಗಲಿ ಎಂದು ಬಾಯಿ ಬಿಟ್ಟೆ: "ಅವರೆಲ್ಲಿ?"

ಮಗನ ಶವ ಬಂದಿದೆ, ಮಣ್ಣು ಮಾಡಲು ಊರಿಗೆ ಹೋಗಿದ್ದಾರೆ ಎಂದರು.

ಬಾಸ್ ನನ್ನನ್ನು ಬೈಯಲಿಲ್ಲ. ಪರದೆಯತ್ತ ತಲೆ ಬಾಗಿಸಿದರು. ಆಮೇಲೆ, "ಸುಮಿಮಾಸೆನ್, ಕ್ಷಮಿಸಬೇಕು, ಹಡಗು ಯಾವಾಗ ಹೊರಡುತ್ತೆ?" ಎಂದು ಕೇಳಿದರು. ಉತ್ತರವನ್ನು ನಾನು ಸಿಸ್ಟಮ್‌ಗೆ ತುಂಬಿಸಿದೆ. ಒಂದಂಕಿಯೂ ತಪ್ಪಲಿಲ್ಲ. ಅಳು ಬರಲಿಲ್ಲ, ಬರಲಿಲ್ಲವಲ್ಲ ಎಂದು ನಾಚಿಕೆಯೂ ಆಗಲಿಲ್ಲ.

ಮುಂದಿನ ಮಂಗಳವಾರ ಊರಿನಿಂದ ಅವರೇ ವಾಪಸ್ ಬಂದಿದ್ದರು. ಮಂಜುಗಡ್ಡೆ ತೆಳುವಾಗಿದೆ, ಹಡಗು ಹೊರಟಿದೆ ಎಂದರು. ನಾನು ಅದನ್ನು ತುಂಬಿಸುತ್ತಿದ್ದಾಗ ಅವರೇ ಕೇಳಿದರು:

"ನಿಮ್ಮ ಕಡೆ ಈ ಸಲ ತುಂಬಾ ಚಳಿಯಂತೆ. ಮನೆ ಬೆಚ್ಚಗಿದೆಯಾ?"

ಬಾಸ್ ತಡೆಯಲಿಲ್ಲ.

"ಬೆಚ್ಚಗಿದೆ," ಎಂದೆ.